ಬಚ್ಚಲ ನೀರು ಇದ್ದಷ್ಟೇ ಹಿತ್ತಲ: ಕಡಿಮೆ ಖರ್ಚಿನ ಕಾಯಿಪಲ್ಲೆ ತೋಟದ ಪಾಠ



ದೀಪಾವಳಿಯ ಹೊತ್ತಿಗೆ ನಮ್ಮ ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರ ಸೀಮೆಯ ಯಾವ ಊರಿಗೆ ಹೋದರೂ ಹತ್ತು ಮನೆಗಳಲ್ಲಿ ನಾಲ್ಕು ಮನೆಯ ಹಿತ್ತಲ ಹಸಿರಾಗಿ ಕಾಣುತ್ತದೆ. ಅದೇ ಊರಿಗೆ ಶಿವರಾತ್ರಿ ಕಳೆದ ಮೇಲೆ ಹೋಗಿ ನೋಡಿರಿ. ಬದನೆಯ ಗಿಡ ಒಣಗಿ ಕಡ್ಡಿಯಾಗಿರುತ್ತದೆ. ಹೀರೆಯ ಬಳ್ಳಿ ಬೇಲಿಯ ಮೇಲೆ ಸುಟ್ಟ ಹಗ್ಗದಂತೆ ಜೋತು ಬಿದ್ದಿರುತ್ತದೆ. ಬೀಜಕ್ಕೆ ಕೊಟ್ಟ ಹಣ ಹೋಯಿತು, ಅಗೆದ ಶ್ರಮ ಹೋಯಿತು, ಮತ್ತೆ ಸಂತೆಯ ಕಾಯಿಪಲ್ಲೆಯೇ ಗತಿ. ಮನೆಯವರು “ನಮ್ಮ ಕೈಗುಣ ಸರಿಯಿಲ್ಲ” ಎಂದು ಸುಮ್ಮನಾಗುತ್ತಾರೆ.

ಕೈಗುಣದ ಮಾತು ಬಿಡಿರಿ. ತಪ್ಪುವದು ಲೆಕ್ಕ. ಮಳೆಗಾಲದ ಹಸಿಯನ್ನು ನಂಬಿ ಹಿತ್ತಲವನ್ನು ದೊಡ್ಡದು ಮಾಡುತ್ತೇವೆ. ಮಾಘ ಮಾಸಕ್ಕೆ ನೀರು ಸಾಲದೆ ಕೈ ಬಿಡುತ್ತೇವೆ. ನಾನೂ ಒಂದು ವರ್ಷ ಹುರುಪಿನಿಂದ ಎಂಟು ಮಡಿ ಮಾಡಿದ್ದೆನು. ಸಂಕ್ರಾಂತಿಯ ತನಕ ಎಂಟೂ ಚೆನ್ನಾಗಿದ್ದವು. ಹೋಳಿ ಹುಣ್ಣಿವೆಗೆ ಆರು ಒಣಗಿದವು, ಉಳಿದ ಎರಡು ಅರೆಜೀವವಾದವು. ನೀರೆಲ್ಲ ಎಂಟು ಕಡೆಗೆ ಹಂಚಿ ಹೋಗಿ ಒಂದಕ್ಕೂ ಸಾಲದಾಗಿತ್ತು. ಮೊದಲೇ ಎರಡನ್ನು ಆರಿಸಿ ಅವಕ್ಕೇ ನೀರು ಹಾಕಿದ್ದರೆ ಬೇಸಿಗೆಯಲ್ಲಿಯೂ ಮನೆಗೆ ಪಲ್ಲೆ ಇರುತ್ತಿತ್ತು. ಆ ವರ್ಷ ಕಲಿತದ್ದನ್ನೇ ಈ ಪಾಠದಲ್ಲಿ ಹೇಳುತ್ತೇನೆ.

೧. ಮೊದಲು ನೀರಿನ ಲೆಕ್ಕ

ಹಿತ್ತಲ ಮಾಡಬೇಕೆಂದ ಕೂಡಲೆ ಗುದ್ದಲಿ ಹಿಡಿಯಬೇಡಿರಿ. ಮೊದಲು ನಾಲ್ಕು ದಿನ ಮನೆಯ ಬಚ್ಚಲಿನಿಂದ ಹೊರಗೆ ಹೋಗುವ ನೀರನ್ನು ಅಳೆಯಿರಿ. ಬಚ್ಚಲ ಮೋರಿಯ ಬಾಯಿಗೆ ಒಂದು ತೊಟ್ಟಿ ಇಲ್ಲವೆ ಹಳೆಯ ಡಬ್ಬಿ ಇಟ್ಟು, ತುಂಬಿದಾಗೊಮ್ಮೆ ಗೋಡೆಯ ಮೇಲೆ ಒಂದು ಗೆರೆ ಎಳೆದರೆ ಸಾಕು.

ಐದು ಜನರ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಲೆಗೆ ಒಂದು ಬಕೀಟಿನಂತೆ ಜಳಕಕ್ಕೆ 75 ಲೀಟರು, ಪಾತ್ರೆ ತೊಳೆಯಲು, ಕೈಕಾಲು ತೊಳೆಯಲು 30 ಲೀಟರು. ಒಟ್ಟು 105 ಲೀಟರು. 15 ಲೀಟರಿನ ಕೊಡದ ಲೆಕ್ಕದಲ್ಲಿ ಇದು ಏಳು ಕೊಡ. ಇದರ ಹೊರತಾಗಿ ಕಾಳು, ಬೇಳೆ, ಕಾಯಿಪಲ್ಲೆ ತೊಳೆದ ನೀರು ಹಾಗೂ ಹಿಂದಿನ ದಿನ ಬಿಂದಿಗೆಯಲ್ಲಿ ಉಳಿದ ನೀರು ಸೇರಿ ಒಂದು ಕೊಡ. ಈ ಒಂದು ಕೊಡ ಶುದ್ಧವಾದದ್ದು. ಇದನ್ನು ಬೇರೆಯಾಗಿಯೇ ಇಡಬೇಕು. ಕಾರಣ ಮುಂದೆ ಹೇಳುತ್ತೇನೆ.

ಇನ್ನು ಗಿಡಗಳಿಗೆ ಎಷ್ಟು ಬೇಕು? ನಾಲ್ಕು ಫೂಟು ಅಗಲ, ಹತ್ತು ಫೂಟು ಉದ್ದದ ಒಂದು ಮಡಿ ಎಂದರೆ 40 ಚದರ ಫೂಟು. ಅದರ ಮೇಲೆ ಒಂದು ಕೊಡ ನೀರು ಸಮನಾಗಿ ಹರಡಿದರೆ ನಾಲ್ಕು ಮಿಲಿಮೀಟರು ಮಳೆ ಬಿದ್ದಂತಾಗುತ್ತದೆ. ಚಳಿಗಾಲದಲ್ಲಿ ಕಾಯಿಪಲ್ಲೆಗೆ ದಿನಕ್ಕೆ ಸುಮಾರು ಇಷ್ಟೇ ಬೇಕು. ಚೈತ್ರ, ವೈಶಾಖದ ಬಿಸಿಲಿಗೆ ಇದರ ಇಮ್ಮಡಿ ಬೇಕು. ಆದುದರಿಂದ ಈ ಸೂತ್ರವನ್ನು ಲಕ್ಷ್ಯದಲ್ಲಿಡಿರಿ: ಒಂದು ಮಡಿಗೆ ಚಳಿಗಾಲದಲ್ಲಿ ದಿನಕ್ಕೆ ಒಂದು ಕೊಡ, ಬೇಸಿಗೆಯಲ್ಲಿ ಎರಡು ಕೊಡ, ಮಣ್ಣಿಗೆ ಹೊದಿಕೆ ಹಾಕಿದರೆ ಬೇಸಿಗೆಯಲ್ಲಿ ಒಂದೂವರೆ ಕೊಡ.

ಈಗ ಒಂದು ಗುಂಟೆಯ ಹಿತ್ತಲವನ್ನು ಪೂರ್ತಿ ಬಿತ್ತಿದರೆ ಏನಾಗುವದೆಂದು ನೋಡಿರಿ. ಒಂದು ಗುಂಟೆ ಎಂದರೆ 33 ಫೂಟು ಉದ್ದ, 33 ಫೂಟು ಅಗಲ. ಅದಕ್ಕೆ ಚಳಿಗಾಲದಲ್ಲಿಯೇ ದಿನಕ್ಕೆ ಇಪ್ಪತ್ತೇಳು ಕೊಡ ಬೇಕು; ಬೇಸಿಗೆಯಲ್ಲಿ ಐವತ್ತನಾಲ್ಕು ಕೊಡ! ಇಷ್ಟು ನೀರನ್ನು ಯಾರು ತರಬೇಕು? ನಮ್ಮ ಮನೆಗಳಲ್ಲಿ ನೀರು ತರುವವರು ಹೆಣ್ಣುಮಕ್ಕಳು. ಮನೆಯ ಊಟಕ್ಕೆ ನಾಲ್ಕು ಬದನೆಕಾಯಿ ಬರಲೆಂದು ಅವರ ತಲೆಯ ಮೇಲೆ ಹೊರೆ ಏರಿಸಿದರೆ ಅದು ಉಳಿತಾಯವಾಗದು. ಹಿತ್ತಲದ ಸಲುವಾಗಿ ಒಂದು ಕೊಡವನ್ನೂ ಹೆಚ್ಚಾಗಿ ಹೊರಬಾರದು. ಇದು ಈ ಪಾಠದ ಮೊದಲನೆಯ ನಿಯಮ.

ನಮ್ಮದು ನೀರಿನ ಬೆಲೆ ತಿಳಿದ ನಾಡು. ಹನ್ನೆರಡನೆಯ ಶತಮಾನದಲ್ಲಿಯೇ ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದ ಸೀಮೆ ಇದು. 1972ರ ಬರಗಾಲವನ್ನು ಹಿರಿಯರು ಇನ್ನೂ ಮರೆತಿಲ್ಲ. 2016ರ ಬೇಸಿಗೆಯಲ್ಲಿ ಮಿರಜಿನಿಂದ ನೆರೆಯ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಒಯ್ಯಬೇಕಾಯಿತು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಯೋಜನೆ ಹಳ್ಳಿಯ ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರು ನೀರು ಎಂದು ಗುರಿ ಹಾಕಿಕೊಂಡಿತು. ನಳದಲ್ಲಿ ಎಷ್ಟೇ ಬರಲಿ, ಬಂದದ್ದರಲ್ಲಿ ದೊಡ್ಡ ಪಾಲು ಬಚ್ಚಲಿನಿಂದ ಓಣಿಗೆ ಹರಿದು ಕೆಸರಾಗಿ ಸೊಳ್ಳೆ ಸಾಕುತ್ತದೆ. ಆ ನೀರೇ ನಮ್ಮ ಹಿತ್ತಲದ ಬಾವಿ.

೨. ಜಾಗದ ನಕಾಶೆ

ಲೆಕ್ಕ ಹೀಗಿರುವದರಿಂದ ಒಂದು ಗುಂಟೆ ಜಾಗವಿದ್ದರೂ ಆರೇ ಮಡಿ ಮಾಡಿರಿ. ಚಳಿಗಾಲದಲ್ಲಿ ಐದು ಮಡಿಗೆ ಬಚ್ಚಲ ನೀರು ಐದು ಕೊಡ, ಆರನೆಯದಕ್ಕೆ ಶುದ್ಧ ನೀರು ಒಂದು ಕೊಡ. ಉಳಿದ ಎರಡು ಕೊಡ ಗಿಡಗಳಿಗೆ. ಬೇಸಿಗೆಯಲ್ಲಿ ಎರಡು ಮಡಿಗೆ ಹೊದಿಕೆ ಹಾಕಿ ಮೂರು ಕೊಡ, ಉಳಿದ ನಾಲ್ಕು ಕೊಡ ಗಿಡಬಳ್ಳಿಗಳಿಗೆ ಪಾಳಿಯ ಮೇಲೆ. ಶುದ್ಧ ನೀರಿನ ಒಂದು ಕೊಡಕ್ಕೆ ನೆರಳಿನ ಅರ್ಧ ಮಡಿ. ಮಿಕ್ಕ ಮಡಿಗಳು ಬೇಸಿಗೆಯಲ್ಲಿ ಗೊಬ್ಬರ ಉಂಡು ಸುಮ್ಮನೆ ಮಲಗಲಿ. ಖಾಲಿ ಮಡಿ ನಾಚಿಕೆಯದಲ್ಲ. ಒಕ್ಕಲುತನದಲ್ಲಿ ಮಾಗಿ ಮಾಡಿ ಹೊಲ ಬಿಡುವಂತೆಯೇ ಇದು.

ಒಂದು ಕಾಗದದ ಮೇಲೆ ಚೌಕಾಕಾರ ಬರೆದು ದಿಕ್ಕು ಗುರುತು ಮಾಡಿರಿ. ಎತ್ತರದ ಗಿಡಗಳು ಪಡುವಣ ಮತ್ತು ಬಡಗಣ ಅಂಚಿಗೆ ಇರಲಿ. ಪಡುವಣದಲ್ಲಿ ನುಗ್ಗೆ ಇದ್ದರೆ ಬೇಸಿಗೆಯ ಇಳಿಬಿಸಿಲನ್ನು ತಡೆಯುತ್ತದೆ. ಮುಂಜಾನೆಯ ಬಿಸಿಲು ಮಡಿಗಳಿಗೆ ಸಿಗುತ್ತದೆ. ಮನೆಯ ಗೋಡೆಗೆ ಹತ್ತಿ ಯಾವ ಮರವನ್ನೂ ಹಚ್ಚಬಾರದು. ಮಡಿಯ ಅಗಲ ನಾಲ್ಕು ಫೂಟಿಗಿಂತ ಹೆಚ್ಚಿರಬಾರದು. ಎರಡೂ ಬದಿಯಿಂದ ಕೈ ನಡುವಿಗೆ ಮುಟ್ಟಬೇಕು, ಮಡಿಯೊಳಗೆ ಕಾಲಿಡುವ ಪ್ರಸಂಗ ಬರಬಾರದು. ಮಡಿಗಳ ನಡುವೆ ಒಂದೂವರೆ ಫೂಟಿನ ದಾರಿ ಬಿಡಿರಿ.

ಗಿಡಗಳ ಪೈಕಿ ಎರಡು ನುಗ್ಗೆ, ಒಂದು ಲಿಂಬೆ, ಒಂದು ಕರಿಬೇವು, ಒಂದು ಪಪ್ಪಾಯಿ ಸಾಕು. ಬಚ್ಚಲ ಮೋರಿಯ ಬಳಿ ಬಾಳೆ ಹಚ್ಚುವ ರೂಢಿ ನಮ್ಮಲ್ಲಿದೆ. ಆದರೆ ದೊಡ್ಡ ಬಾಳೆಯ ಗಿಡವೊಂದು ಬೇಸಿಗೆಯಲ್ಲಿ ಹೆಚ್ಚು ಕಡಿಮೆ ಒಂದು ಮಡಿ ಕುಡಿಯುವಷ್ಟು ನೀರನ್ನು ತಾನೊಂದೇ ಕುಡಿಯುತ್ತದೆ. ಏಳು ಕೊಡದ ಮನೆಗೆ ಬಾಳೆ ಹೊಂದುವದಿಲ್ಲ. ಹತ್ತು ಹನ್ನೆರಡು ಕೊಡ ನೀರು ಹೊರಡುವ ದೊಡ್ಡ ಮನೆಯವರು ಬೇಕಾದರೆ ಹಚ್ಚಲಿ.

೩. ಮಣ್ಣು ಮತ್ತು ಗೊಬ್ಬರ

ನಮ್ಮ ಸೀಮೆಯಲ್ಲಿ ಎರಡು ತರದ ನೆಲವಿದೆ. ಹಳ್ಳದ ದಂಡೆಯ ಊರುಗಳಲ್ಲಿ ಆಳವಾದ ಎರೆ. ಜತ್ತದ ಕಡೆಗೆ ಗೇಣು ಮಣ್ಣಿನ ಕೆಳಗೆ ಮುರುಮು. ನಿಮ್ಮದು ಹೇಗಿದೆಯೆಂದು ತಿಳಿಯಲು ಮೊಳದುದ್ದ ಆಳದ ಒಂದು ಕುಣಿ ತೆಗೆದು ಅದರಲ್ಲಿ ಎರಡು ಕೊಡ ನೀರು ಸುರುವಿರಿ. ಎರಡು ಮೂರು ತಾಸಿನಲ್ಲಿ ಇಂಗಿದರೆ ಒಳ್ಳೆಯದು. ಸುರುವಿದ ಕೂಡಲೆ ಮಾಯವಾದರೆ ಮುರುಮು ಎಂದು ತಿಳಿದು ಕೆರೆಯ ಹೂಳು ಇಲ್ಲವೆ ಹೊಲದ ಎರೆಮಣ್ಣು ನಾಲ್ಕಾರು ಬುಟ್ಟಿ ಬೆರೆಸಬೇಕು. ಮರುದಿನ ಮುಂಜಾನೆಗೂ ನೀರು ನಿಂತಿದ್ದರೆ ಅಲ್ಲಿ ಲಿಂಬೆ, ಪಪ್ಪಾಯಿ ಹಚ್ಚಬೇಡಿರಿ, ಬೇರು ಕೊಳೆಯುತ್ತವೆ.

ಎರೆಯ ನೆಲದಲ್ಲಿ ಮಡಿಯ ಆಕಾರವನ್ನು ಕಾಲಕ್ಕೆ ತಕ್ಕಂತೆ ಬದಲಿಸಬೇಕು. ಉತ್ತರಿ, ಹಸ್ತದ ಮಳೆ ಜಡಿದು ಹೊಡೆಯುವಾಗ ಮಡಿ ನಾಲ್ಕು ಬೆರಳು ಎತ್ತರವಾಗಿರಲಿ. ಮಳೆ ಹೋದ ಮೇಲೆ ಮಣ್ಣನ್ನು ಅಂಚಿಗೆ ಎಳೆದು ಮಡಿಯನ್ನು ನಾಲ್ಕು ಬೆರಳು ತಗ್ಗು ಮಾಡಿರಿ. ಹಾಕಿದ ನೀರು ಹೊರಗೆ ಹರಿಯದೆ ಬೇರಿನ ಬುಡದಲ್ಲಿಯೇ ಇಂಗುತ್ತದೆ.

ಒಂದು ಮಡಿಗೆ ವರ್ಷಕ್ಕೆ ಎರಡು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೇಕು. ಕಳಿತದ್ದೆಂದರೆ ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು, ಸೆಗಣಿಯ ವಾಸನೆ ಇರಬಾರದು. ಹಸಿ ಸೆಗಣಿ ಹಾಕಿದರೆ ಗೊಣ್ಣೆಹುಳು, ಗೆದ್ದಲುಗಳನ್ನು ಕರೆದು ತಂದಂತೆ. ಹಿತ್ತಲದ ಒಂದು ಮೂಲೆಯಲ್ಲಿ ನಾಲ್ಕು ಫೂಟು ಚೌಕದ, ಎರಡು ಫೂಟು ಆಳದ ಗುಂಡಿ ತೆಗೆದು ಕಸ, ಕಾಯಿಪಲ್ಲೆಯ ಸಿಪ್ಪೆ, ಉದುರಿದ ಎಲೆ ಒಂದು ಪದರು, ಸೆಗಣಿಯ ರಾಡಿ ಒಂದು ಪದರು, ಮೇಲೆ ತೆಳುವಾಗಿ ಮಣ್ಣು, ಹೀಗೆ ತುಂಬುತ್ತ ಹೋಗಿರಿ. ಹಸಿ ಆರದಂತೆ ನೋಡಿಕೊಂಡರೆ ಮೂರು ನಾಲ್ಕು ತಿಂಗಳಿಗೆ ಗೊಬ್ಬರ ಸಿದ್ಧವಾಗುತ್ತದೆ.

ಒಲೆಯ ಬೂದಿಯ ಬಗ್ಗೆ ಒಂದು ಎಚ್ಚರಿಕೆ. ಕೆಂಪು ಮಣ್ಣಿನ, ಹೆಚ್ಚು ಮಳೆಯ ನಾಡಿನಲ್ಲಿ ಬೂದಿ ಒಳ್ಳೆಯ ಗೊಬ್ಬರ. ನಮ್ಮ ಎರೆಯಲ್ಲಿ ಸುಣ್ಣದ ಅಂಶ ಮೊದಲೇ ಹೆಚ್ಚು. ಬೂದಿ ಬುಟ್ಟಿಗಟ್ಟಲೆ ಸುರಿದರೆ ಮಣ್ಣಿನ ಕ್ಷಾರ ಹೆಚ್ಚಿ ಎಲೆ ಹಳದಿಯಾಗುತ್ತದೆ. ಎಲೆಯ ಮೇಲಿನ ಹೇನಿಗೆ ತೆಳುವಾಗಿ ಉದುರಿಸಲು ಮಾತ್ರ ಇಟ್ಟುಕೊಳ್ಳಿರಿ.

ಇನ್ನು ಹೊದಿಕೆಯ ಮಾತು. ಸೊಲ್ಲಾಪುರದಲ್ಲಿ 1933ರಿಂದ ಒಣಬೇಸಾಯದ ಸಂಶೋಧನೆ ನಡೆದು ಬಂದಿದೆ. ಒಣಬೇಸಾಯದ ತಿರುಳು ಇಷ್ಟೇ: ಬಿದ್ದ ನೀರನ್ನು ನೆಲದಲ್ಲಿ ಇಂಗಿಸುವದು, ಇಂಗಿದ ನೀರು ಬಿಸಿಲಿಗೆ ಹಾರದಂತೆ ಕಾಯುವದು. ಹಿಂಗಾರಿ ಜೋಳದಲ್ಲಿ ನೀವು ಎಡೆಕುಂಟೆ ಹೊಡೆದು ಬಿರುಕು ಮುಚ್ಚುವದು ಇದಕ್ಕಾಗಿಯೇ ಅಲ್ಲವೆ? ಹಿತ್ತಲದಲ್ಲಿ ಆ ಕೆಲಸವನ್ನು ಹೊದಿಕೆ ಮಾಡುತ್ತದೆ. ಕಬ್ಬಿನ ರವದಿ, ಒಣಗಿದ ಎಲೆ, ದನ ತಿನ್ನದ ಯಾವ ಕಸವಾದರೂ ಮೂರು ನಾಲ್ಕು ಬೆರಳು ದಪ್ಪವಾಗಿ ಗಿಡದ ಸುತ್ತ ಹರಡಿರಿ. ಕಾಂಡಕ್ಕೆ ತಗಲದಂತೆ ಎರಡು ಬೆರಳು ಜಾಗ ಬಿಡಿರಿ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ, ದಿನಾಲು ಅರ್ಧ ಕೊಡ ನೀರು ಉಳಿಯುತ್ತದೆ.

೪. ಬಚ್ಚಲ ನೀರನ್ನು ಹಾಯಿಸುವ ರೀತಿ

ಎಲ್ಲ ಬಚ್ಚಲ ನೀರು ಒಂದೇ ತರದ್ದಲ್ಲ. ಜಳಕದ ನೀರು, ಪಾತ್ರೆ ತೊಳೆದ ನೀರು ಹಿತ್ತಲಕ್ಕೆ ನಡೆಯುತ್ತದೆ. ಬಟ್ಟೆಗೆ ಸೋಪಿನ ಪುಡಿ ಹಾಕಿ ಒಗೆದ ಮೊದಲನೆಯ ನೀರು ನಡೆಯುವದಿಲ್ಲ. ಅದರೊಳಗಿನ ಸೋಡಾ ಎರೆಮಣ್ಣನ್ನು ಬಿಗಿ ಮಾಡುತ್ತದೆ. ವರ್ಷ ಎರಡು ವರ್ಷಕ್ಕೆ ಮಡಿ ಕಲ್ಲಿನಂತಾಗಿ ನೀರು ಇಂಗುವದೇ ನಿಲ್ಲುತ್ತದೆ. ಬಟ್ಟೆ ಜಾಲಿಸಿದ ಕೊನೆಯ ನೀರನ್ನು ನುಗ್ಗೆಯ ಬುಡಕ್ಕೆ ಹಾಕಬಹುದು. ಕೂಸಿನ ಹೊಲಸು ಬಟ್ಟೆ ಒಗೆದ ನೀರು ಯಾವ ಗಿಡಕ್ಕೂ ಬೇಡ.

ಮೋರಿಯ ಬಾಯಿಗೆ ಎರಡು ಫೂಟು ಚೌಕದ ಒಂದು ಸೋಸುಗುಂಡಿ ಮಾಡಿರಿ. ತಳದಲ್ಲಿ ಮುಷ್ಟಿ ಗಾತ್ರದ ಕಲ್ಲು, ಅದರ ಮೇಲೆ ಜಲ್ಲಿ, ಅದರ ಮೇಲೆ ಉಸುಕು, ಎಲ್ಲಕ್ಕೂ ಮೇಲೆ ರವದಿ ತುಂಬಿದ ಹಳೆಯ ಬುಟ್ಟಿ. ಮುಸುರೆ, ಕೂದಲು, ಜಿಡ್ಡು ಬುಟ್ಟಿಯಲ್ಲಿ ನಿಲ್ಲುತ್ತವೆ. ಎಂಟು ದಿನಕ್ಕೊಮ್ಮೆ ರವದಿಯನ್ನು ಗೊಬ್ಬರದ ಗುಂಡಿಗೆ ಚೆಲ್ಲಿ ಹೊಸದು ತುಂಬಿರಿ. ಗುಂಡಿಯ ತಳದಿಂದ ಒಂದು ಕಾಲುವೆ ತೆಗೆದು ಮಡಿಗಳಿಗೆ ನೀರು ಬಿಡಿರಿ. ಇಂದು ಮೊದಲನೆಯ ಮಡಿ, ನಾಳೆ ಎರಡನೆಯದು ಎಂದು ಬಾಯಿ ಕಟ್ಟಿ ಬಾಯಿ ಬಿಚ್ಚಿದರೆ ಹೊರುವ ಕೆಲಸವೇ ಇರುವದಿಲ್ಲ. ಹೀಗೆ ಪಾಳಿಯ ಮೇಲೆ ಹಾಯಿಸಿದರೆ ಒಂದು ಮಡಿಗೆ ಐದು ದಿನಕ್ಕೊಮ್ಮೆ ಐದು ಕೊಡ ಬೀಳುತ್ತದೆ. ಬೇರು ಆಳಕ್ಕೆ ಇಳಿಯಲು ಇದು ದಿನಾಲು ಒಂದು ಕೊಡ ಚಿಮುಕಿಸುವದಕ್ಕಿಂತ ಒಳ್ಳೆಯದು. ಹೊಸದಾಗಿ ಬಿತ್ತಿದ ಮಡಿಗೆ ಮಾತ್ರ ಮೊಳಕೆ ಬರುವ ತನಕ ದಿನಾಲು ಸ್ವಲ್ಪ ಬೇಕು.

ಮೂರು ಮಾತುಗಳನ್ನು ಮರೆಯಬಾರದು. ಬಚ್ಚಲ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕೂಡಿಡಬಾರದು. ನಾರುತ್ತದೆ, ಸೊಳ್ಳೆ ಹುಟ್ಟುತ್ತವೆ. ಅದನ್ನು ಎಲೆಯ ಮೇಲೆ ಚಿಮುಕಿಸಬಾರದು, ಬುಡಕ್ಕೇ ಬಿಡಬೇಕು. ಹಸಿಯಾಗಿ ತಿನ್ನುವ ಪಲ್ಲೆಗೆ ಅದನ್ನು ಮುಟ್ಟಿಸಲೇಬಾರದು. ನಾವು ರೊಟ್ಟಿಯ ಕೂಡ ಮೆಂತ್ಯೆ, ಹಕ್ಕರಕಿ, ಉಳ್ಳಾಗಡ್ಡಿಯ ತಪ್ಪಲ, ಮೂಲಂಗಿ ಹಸಿಯಾಗಿಯೇ ತಿನ್ನುವವರು. ಇವಕ್ಕೂ ಕೊತ್ತಂಬರಿಗೂ ಆ ಒಂದು ಕೊಡ ಶುದ್ಧ ನೀರಿನ ಆರನೆಯ ಮಡಿಯನ್ನು ಮೀಸಲಿಡಿರಿ. ಉಳಿದ ಮಡಿಗಳಲ್ಲಿ ಬೇಯಿಸಿ ತಿನ್ನುವ ಕಾಯಿಪಲ್ಲೆಯೇ ಇರಲಿ.

ಮನೆಯಲ್ಲಿ ಬಣ್ಣ ಬಳಿಯದ ಹಳೆಯ ಮಣ್ಣಿನ ಮಡಕೆ ಇದ್ದರೆ ಎಸೆಯಬೇಡಿರಿ. ಕುತ್ತಿಗೆಯ ತನಕ ನೆಲದಲ್ಲಿ ಹೂಳಿ, ಸುತ್ತಲೂ ನಾಲ್ಕು ಹೀರೆ ಇಲ್ಲವೆ ಹಾಗಲದ ಬೀಜ ಊರಿ, ನೀರು ತುಂಬಿ ಬಾಯಿ ಮುಚ್ಚಿರಿ. ನೀರು ಮೆಲ್ಲಗೆ ಒಸರಿ ಬೇರಿಗೆ ತಲುಪುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿದರೆ ಸಾಕು. ಇದಕ್ಕೂ ಶುದ್ಧ ನೀರೇ ಬೇಕು. ಬಚ್ಚಲ ನೀರಿನ ಜಿಡ್ಡು ಮಡಕೆಯ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತದೆ.

೫. ಯಾವಾಗ ಏನು ಬಿತ್ತಬೇಕು

ಮಿರಗ, ಆರಿದ್ರಾ ಮಳೆಗೆ: ಬೆಂಡೆ, ಚವಳಿಕಾಯಿ, ಹೀರೆ, ಹಾಗಲ, ಪುಂಡಿ, ಚಪ್ಪರದವರೆ. ಗಿಡ ಹಚ್ಚುವ ಕಾಲವೂ ಇದೇ. ಗಿಡದ ಕುಣಿಯನ್ನು ಯುಗಾದಿಯ ತರುವಾಯ ಎರಡು ಫೂಟು ಉದ್ದ, ಅಗಲ, ಆಳವಾಗಿ ತೆಗೆದು ಬಿಸಿಲಿಗೆ ಬಿಟ್ಟು, ಮಳೆ ಬಿದ್ದ ಮೇಲೆ ಮೇಲ್ಮಣ್ಣು ಮತ್ತು ಎರಡು ಬುಟ್ಟಿ ಗೊಬ್ಬರ ತುಂಬಿ ಸಸಿ ಹಚ್ಚಬೇಕು.

ಮಖಾ, ಹುಬ್ಬಿ ಮಳೆಗೆ: ಬದನೆ, ಟೊಮ್ಯಾಟೊ, ಮೆಣಸಿನಕಾಯಿಯ ಸಸಿಮಡಿ. ನಾಲ್ಕೈದು ವಾರದ ಸಸಿಗಳನ್ನು ಹಸ್ತದ ಮಳೆಯ ಹೊತ್ತಿಗೆ ನೆಡುವದು. ಒಂದು ಮಡಿಯಲ್ಲಿ ಬದನೆ ಎರಡು ಸಾಲಿಗೆ ಹತ್ತೇ ಗಿಡ ಹಿಡಿಯುತ್ತವೆ. ಇಪ್ಪತ್ತು ತುರುಕಿದರೆ ಕಾಯಿ ಹೆಚ್ಚುವದಿಲ್ಲ, ಹುಳು ಹೆಚ್ಚುತ್ತದೆ.

ದಸರೆಯಿಂದ ಎಳ್ಳಮವಾಸ್ಯೆಯ ತನಕ: ಮೆಂತ್ಯೆ, ಪಾಲಕ, ಸಬ್ಬಸಗಿ, ಕೊತ್ತಂಬರಿ, ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿ. ಇಲ್ಲಿ ಒಂದು ಉಪಾಯ ಹೇಳುತ್ತೇನೆ. ಮೆಂತ್ಯೆ 25–30 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಇಡೀ ಮಡಿ ಒಂದೇ ದಿನ ಬಿತ್ತಿದರೆ ಎರಡೂವರೆ ಮೂರು ಕಿಲೊ ಪಲ್ಲೆ ಒಮ್ಮೆಲೆ ಬಂದು ಅರ್ಧ ದನದ ಪಾಲಾಗುತ್ತದೆ. ಆದ ಕಾರಣ ಮಡಿಯನ್ನು ಮೂರು ತುಂಡು ಮಾಡಿ ಹತ್ತು ದಿನಕ್ಕೊಂದು ತುಂಡು ಬಿತ್ತಿರಿ; ವಾರವಾರವೂ ಪಲ್ಲೆ ಇರುತ್ತದೆ. ಕೊತ್ತಂಬರಿಯ ಕಾಳನ್ನು ಮೆಟ್ಟಿನಿಂದ ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಬಿತ್ತಬೇಕು. ಹತ್ತು ದಿನ ಮೊಳೆಯದಿದ್ದರೂ ಗಾಬರಿಯಾಗಿ ಅಗೆಯಬೇಡಿರಿ. ರಾಜಗಿರಿಯ ಬೀಜ ಬಲು ಸಣ್ಣದು. ಎರಡು ಚಿಟಿಕೆ ಬೀಜಕ್ಕೆ ಒಂದು ಹಿಡಿ ಉಸುಕು ಬೆರೆಸಿ ಚೆಲ್ಲಿದರೆ ಸಮನಾಗಿ ಬೀಳುತ್ತದೆ.

ಸಂಕ್ರಾಂತಿ ಕಳೆದ ಮೇಲೆ: ಇದು ಪರೀಕ್ಷೆಯ ಕಾಲ. ಮುಗಿದ ಮಡಿಗಳನ್ನು ಒಂದೊಂದಾಗಿ ಬಿಡುತ್ತ ಬಂದು ಎರಡಕ್ಕೆ ಇಳಿಸಿರಿ. ಒಂದರಲ್ಲಿ ಚವಳಿಕಾಯಿ, ಇನ್ನೊಂದರಲ್ಲಿ ಬೆಂಡೆ. ಇವೆರಡೂ ಬಿಸಿಲು ತಾಳುತ್ತವೆ, ಐವತ್ತು ದಿನದೊಳಗೆ ಕಾಯಿ ಕೊಡಲು ಆರಂಭಿಸುತ್ತವೆ. ಚಪ್ಪರಕ್ಕೆ ಹೀರೆಯ ಬೀಜ ಊರಿರಿ. ಮಾರ್ಚ ಕೊನೆಗೆ ಬಳ್ಳಿ ಹಬ್ಬಿ ನೆರಳಾಗುತ್ತದೆ. ಆ ನೆರಳಿನಲ್ಲಿ ಶುದ್ಧ ನೀರಿನ ಅರ್ಧ ಮಡಿಗೆ ರಾಜಗಿರಿ, ಕೊತ್ತಂಬರಿ. ಮೆಂತ್ಯೆಯನ್ನು ಬೇಸಿಗೆಯಲ್ಲಿ ಬಿತ್ತಬೇಡಿರಿ, ಬೇಗ ಹೂವಿಗೆ ಬಂದು ಕೈಕೊಡುತ್ತದೆ.

ನುಗ್ಗೆಯನ್ನು ಮರೆತರೆ ನಮ್ಮ ಹಿತ್ತಲ ಪೂರ್ಣವಾಗದು. ಪೆರಿಯಕುಳಂನಲ್ಲಿ ತಯಾರಾದ ಪಿಕೆಎಂ-1 ಎಂಬ ತಳಿಯನ್ನು ಬೀಜದಿಂದಲೇ ಬೆಳೆಸಬಹುದು. ಆರೇಳು ತಿಂಗಳಿಗೆ ಕಾಯಿ ಬಿಡಲು ತೊಡಗುತ್ತದೆ. ಗಿಡ ಸೊಂಟದೆತ್ತರ ಬಂದಾಗ ತುದಿ ಚಿವುಟಿರಿ. ಟೊಂಗೆ ಒಡೆದು ಕಾಯಿ ಕೈಗೆ ಸಿಗುವಷ್ಟು ಎತ್ತರದಲ್ಲಿರುತ್ತವೆ. ಕಾಯಿ ಇಲ್ಲದಾಗ ತಪ್ಪಲವೇ ಪಲ್ಲೆ. ನೆಲ ಕಾದು ಎಲ್ಲ ಪಲ್ಲೆ ಒಣಗಿದಾಗಲೂ ಬೇರು ಬಿಟ್ಟ ನುಗ್ಗೆ ಹಸಿರಾಗಿರುತ್ತದೆ.

೬. ಬೀಜ ಕೊಳ್ಳುವಾಗ ಎಚ್ಚರ

ಗಡಿಯಾಚೆಯ ಕನ್ನಡಿಗರಿಗೆ ಇಲ್ಲೊಂದು ವಿಶೇಷ ತೊಡಕು. ನಾನು ಒಮ್ಮೆ ಪೇಟೆಯ ಅಂಗಡಿಯಲ್ಲಿ “ಚವಳಿ ಬೀಜ ಕೊಡಿರಿ” ಎಂದು ಕೇಳಿ ತಂದು ಬಿತ್ತಿದೆನು. ಮೊಳೆತು ಬಂದದ್ದು ಅಲಸಂದಿ! ಅಂಗಡಿಯವನ ತಪ್ಪೇನೂ ಇರಲಿಲ್ಲ. ನಾವು ಚವಳಿಕಾಯಿ ಎನ್ನುವದಕ್ಕೆ ಮರಾಠಿಯಲ್ಲಿ ಗವಾರ ಎನ್ನುತ್ತಾರೆ. ಅವರ ಚವಳಿ ಎಂದರೆ ನಮ್ಮ ಅಲಸಂದಿ. ಅದರಂತೆ ಹೀರೇಕಾಯಿಗೆ ದೋಡಕಾ, ಹಾಗಲಕ್ಕೆ ಕಾರ್ಲೆ, ಪುಂಡಿಗೆ ಅಂಬಾಡಿ, ಸಬ್ಬಸಗಿಗೆ ಶೇಪು, ನುಗ್ಗೆಗೆ ಶೇವಗಾ, ಬದನೆಗೆ ವಾಂಗಿ ಎಂದು ಕೇಳಬೇಕು. ಪಾಕೀಟಿನ ಮೇಲೆ “ಸಂಕರಿತ” ಎಂದು ಬರೆದಿದ್ದರೆ ಅದು ಹೈಬ್ರಿಡ್. ಅದರ ಕಾಯಿಯಿಂದ ಬೀಜ ತೆಗೆದು ಮರುವರ್ಷ ಬಿತ್ತಿದರೆ ಅದೇ ತರದ ಬೆಳೆ ಬರುವದಿಲ್ಲ. “ಸುಧಾರಿತ” ಎಂದಿದ್ದರೆ ಬೀಜ ಉಳಿಸಿಕೊಳ್ಳಬಹುದು. ಬಡವರ ಹಿತ್ತಲಕ್ಕೆ ಸುಧಾರಿತ ಬೀಜವೇ ಒಳ್ಳೆಯದು. ಚವಳಿಕಾಯಿಯಲ್ಲಿ ಪೂಸಾ ನವಬಹಾರ, ಬೆಂಡೆಯಲ್ಲಿ ಹಳದಿ ನಂಜುರೋಗ ತಡೆಯುವ ಹೆಸರಘಟ್ಟದ ಅರ್ಕ ಅನಾಮಿಕಾ ಇಂಥವು.

ಮೆಂತ್ಯೆ, ಕೊತ್ತಂಬರಿಯ ಬೀಜಕ್ಕೆ ಹಣ ಕೊಡಬೇಕಾಗಿಯೇ ಇಲ್ಲ, ಅಡಿಗೆಮನೆಯ ಡಬ್ಬಿಯಲ್ಲಿವೆ. ಹತ್ತು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿ ಇಟ್ಟು, ಏಳೆಂಟು ಮೊಳೆತರೆ ಧೈರ್ಯವಾಗಿ ಬಿತ್ತಿರಿ. ಚವಳಿಕಾಯಿ, ಅವರೆ, ಬದನೆ, ಬೆಂಡೆಗಳಲ್ಲಿ ಒಂದು ಒಳ್ಳೆಯ ಗಿಡವನ್ನು ಬೀಜಕ್ಕೆ ಬಿಡಿರಿ. ಬೀಜಕ್ಕೆ ಬಿಡುವದೆಂದರೆ ಕೊನೆಗೆ ಉಳಿದ ಮುರುಟು ಕಾಯಿಯಲ್ಲ, ಮೊದಲ ಬಿಡಿಯ ಚೆಲುವಾದ ಕಾಯಿ. ಒಣಗಿಸಿ, ಬೂದಿ ಬೆರೆಸಿ, ಬಾಯಿ ಬಿಗಿಯಾದ ಡಬ್ಬಿಯಲ್ಲಿಡಿರಿ. ಬೂದಿಗೆ ಇದು ತಕ್ಕ ಕೆಲಸ.

೭. ಹುಳು ಹುಪ್ಪಡಿ

ದಿನಾಲು ಮುಂಜಾನೆ ಒಂದು ಸುತ್ತು ಹಾಕುವದೇ ದೊಡ್ಡ ಔಷಧ. ಎಲೆ ತಿರುವಿ ತತ್ತಿ ಕಂಡರೆ ಹೊಸಕಿರಿ. ಬದನೆಯ ಬಾಡಿದ ತುದಿಯನ್ನು ಹುಳು ಸಹಿತ ಚಿವುಟಿ ಸುಡಿರಿ. ಹೇನು, ಎಲೆ ತಿನ್ನುವ ಹುಳುಗಳಿಗೆ ಬೇವಿನಬೀಜದ ಕಷಾಯ ಮಾಡಿಕೊಳ್ಳಿರಿ: ಒಣಗಿದ ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ, ಒಂದು ಲೀಟರು ನೀರಿನಲ್ಲಿ ರಾತ್ರಿ ನೆನೆಸಿ, ಮರುದಿನ ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕದಡಿ ಸಂಜೆಯ ಹೊತ್ತು ಹೊಡೆಯುವದು. ಮಾಡಿದ ದಿನವೇ ಮುಗಿಸಬೇಕು. ಆಷಾಢದಲ್ಲಿ ಬೇವಿನಹಣ್ಣು ಉದುರಿದಾಗ ಮಕ್ಕಳಿಂದ ಆರಿಸಿ, ತೊಳೆದು, ನೆರಳಿನಲ್ಲಿ ಒಣಗಿಸಿಟ್ಟರೆ ವರ್ಷದ ಔಷಧ ಪುಕ್ಕಟೆ. ಹೊಲಕ್ಕೆ ತಂದ ವಿಷದ ಔಷಧವನ್ನು ಹಿತ್ತಲದ ಪಲ್ಲೆಗೆ ಹೊಡೆಯಲೇಬಾರದು. ನಾಳೆಯೇ ಅದನ್ನು ನಮ್ಮ ಮಕ್ಕಳು ತಿನ್ನುವವರು.

೮. ಖರ್ಚು ಮತ್ತು ಫಲ

ಕೈಯಲ್ಲಿ ಐದು ನೂರು ರೂಪಾಯಿ ಇದೆ ಎಂದಿಟ್ಟುಕೊಳ್ಳೋಣ. ಮೊದಲು ಬೇಲಿ. ಒಂದು ಆಡು ಒಂದು ಗಳಿಗೆಯಲ್ಲಿ ಮೂರು ತಿಂಗಳ ದುಡಿಮೆಯನ್ನು ಮೇಯುತ್ತದೆ. ತೊಗರಿಕಟ್ಟಿಗೆ, ಜಾಲಿಯ ಮುಳ್ಳು ಹೊಲದಲ್ಲಿಯೇ ಸಿಗುತ್ತವೆ. ಕಟ್ಟಲು ತಂತಿ, ಸುತಳಿಗೆ 150. ಲಿಂಬೆ, ಕರಿಬೇವಿನ ಸಸಿಗಳಿಗೆ 150. ಬೀಜಕ್ಕೆ 120. ಉಳಿದ 80 ರೂಪಾಯಿಯನ್ನು ಮುಟ್ಟಬೇಡಿರಿ. ಮಳೆ ಕೈಕೊಟ್ಟು ಎರಡನೆಯ ಸಲ ಬಿತ್ತಬೇಕಾದಾಗ ಅದೇ ಆಧಾರ. ದರಗಳು ಊರಿಂದ ಊರಿಗೆ ಹೆಚ್ಚು ಕಡಿಮೆ ಇರಬಹುದು, ಹಂಚುವ ಕ್ರಮ ಇದೇ ಇರಲಿ. ಎಲ್ಲ ಹಣವನ್ನೂ ಬೀಜಕ್ಕೆ ಸುರಿಯುವವರ ಹಿತ್ತಲ ಆಡಿನ ಹೊಟ್ಟೆ ಸೇರುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2024ರ ಆಹಾರ ಸೂಚನೆಗಳಲ್ಲಿ ದೊಡ್ಡವರೊಬ್ಬರಿಗೆ ದಿನಕ್ಕೆ 400 ಗ್ರಾಂ ಕಾಯಿಪಲ್ಲೆ ಬೇಕೆಂದು ಹೇಳಿದ್ದಾರೆ. ಐದು ಜನಕ್ಕೆ ಎರಡು ಕಿಲೊ ಆಯಿತು. ಆರು ಮಡಿಯ ಹಿತ್ತಲ ಇಷ್ಟನ್ನೂ ಕೊಡುತ್ತದೆಂದು ನಾನು ಹೇಳುವದಿಲ್ಲ; ಸಂತೆ ತಪ್ಪುವದಿಲ್ಲ. ಆದರೆ ರೊಟ್ಟಿ, ಬೇಳೆಗಳ ಬದಿಗೆ ವರ್ಷದ ಎಲ್ಲ ತಿಂಗಳೂ ಹಿಡಿ ತಪ್ಪಲ ಪಲ್ಲೆ, ಹಿಂಡಲು ಅರ್ಧ ಲಿಂಬೆ ಇದ್ದರೆ ಸಣ್ಣ ಮಾತಲ್ಲ. ರಕ್ತ ಕಡಿಮೆಯೆಂದು ಡಾಕ್ಟರರು ಹೇಳುವ ಹೆಣ್ಣುಮಕ್ಕಳು ಮನೆಮನೆಗೂ ಇದ್ದಾರೆ. ಪಲ್ಲೆಯೊಳಗಿನ ಕಬ್ಬಿಣದ ಅಂಶ ಮೈಗೆ ಹತ್ತಲು ಲಿಂಬೆಯ ಹುಳಿ ನೆರವಾಗುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ ಅಡ್ಡಿಯಾಗುತ್ತದೆ. ಕೊಡ ಹೊರುವ ತಾಯಿಯ ತಾಟಿಗೆ ಈ ಪಲ್ಲೆ ಕೊನೆಗೆ ಬೀಳದೆ ಎಲ್ಲರ ಕೂಡ ಬೀಳಬೇಕು.

ಸಾಲೆಗೆ ಹೋಗುವ ಮಗನೋ ಮಗಳೋ ಒಂದು ವಹಿಯಲ್ಲಿ ಕನ್ನಡದಲ್ಲಿ ಬರೆಯಲಿ: ಯಾವ ದಿನ ಏನು ಬಿತ್ತಿತು, ಏನು ಖರ್ಚಾಯಿತು, ಎಷ್ಟು ಕೊಯ್ದಿತು, ಸಂತೆಯಲ್ಲಿ ಅದಕ್ಕೆ ಎಷ್ಟು ಕೊಡಬೇಕಾಗಿತ್ತು. ವರ್ಷದ ಕೊನೆಗೆ ಆ ವಹಿಯೇ ನಿಮಗೆ ಈ ಪಾಠಕ್ಕಿಂತ ದೊಡ್ಡ ಗುರುವಾಗುತ್ತದೆ.

ಈ ವಾರದ ಕೆಲಸ

ಬಚ್ಚಲ ನೀರನ್ನು ನಾಲ್ಕು ದಿನ ಅಳೆಯಿರಿ. ಬಂದ ಕೊಡದ ಎಣಿಕೆಯಲ್ಲಿ ಎರಡನ್ನು ಗಿಡಗಳಿಗೆಂದು ಕಳೆಯಿರಿ. ಉಳಿದಷ್ಟು ಮಡಿಗೆ ಗೂಟ ಹೊಡೆದು ಹಗ್ಗ ಹಿಡಿಯಿರಿ. ಮೂರೇ ಆದರೆ ಮೂರೇ ಸರಿ. ನೆರೆಮನೆಯವರು ಹತ್ತು ಮಡಿ ಮಾಡಿದರೆ ಮಾಡಲಿ, ಯುಗಾದಿಯ ದಿನ ಎರಡೂ ಹಿತ್ತಲಗಳನ್ನು ನೋಡೋಣ. ಬೇವು ಬೆಲ್ಲದ ಕೂಡ ಹಿತ್ತಲದ ಒಂದು ಹಿಡಿ ಚವಳಿಕಾಯಿಯ ಪಲ್ಲೆ ನಿಮ್ಮ ತಾಟಿನಲ್ಲಿದ್ದರೆ ಲೆಕ್ಕ ಸರಿಯಾಯಿತೆಂದು ತಿಳಿಯಿರಿ.